ತೋಟದ ಶೆಡ್ಡಿಗೆ ಕಡಿಮೆ ಖರ್ಚಿನ ಅಡಿಪಾಯ: ಜೇಡಿಮಣ್ಣು, ಅಲ್ಪ ಇಳಿಜಾರು, ಯಾವುದು ಸೂಕ್ತ?

ಹಿತ್ತಿಲಮೂಲೆ (ಪ್ರಶ್ನೆ):

ಎಲ್ಲರಿಗೂ ನಮಸ್ಕಾರ. ಗುದ್ದಲಿ, ಹಾರೆ, ನೀರಿನ ಪೈಪು, ಹುಲ್ಲು ಕತ್ತರಿಸುವ ಯಂತ್ರ ಮತ್ತು ಒಂದಿಷ್ಟು ಗೊಬ್ಬರದ ಚೀಲಗಳನ್ನು ಇಡುವುದಕ್ಕೆಂದು ಮನೆಯ ಹಿಂದಿನ ತೋಟದಲ್ಲಿ 10 ಅಡಿ ಉದ್ದ, 8 ಅಡಿ ಅಗಲದ ಮರದ ಶೆಡ್ಡೊಂದನ್ನು ನಿಲ್ಲಿಸಬೇಕೆಂದಿದ್ದೇನೆ. ಗೋಡೆ, ಮಾಡು, ಮರದ ನೆಲ ಎಲ್ಲವೂ ಸಿದ್ಧ ಭಾಗಗಳಾಗಿಯೇ ಬರುತ್ತವೆ. ನಾನು ಮಾಡಿಕೊಳ್ಳಬೇಕಾದದ್ದು ಅಡಿಪಾಯ ಒಂದೇ, ಆದರೆ ತೊಡಕಿರುವುದೂ ಅಲ್ಲಿಯೇ.

ಜಾಗದಲ್ಲಿರುವುದು ಜೇಡಿಮಣ್ಣು. ಮಳೆ ನಿಂತ ಮೇಲೂ ಒಂದೆರಡು ದಿನ ಕಾಲಿಗೆ ಮೆತ್ತಿಕೊಳ್ಳುತ್ತದೆ, ಒಣಗಿದಾಗ ಬೆರಳು ತೂರುವಷ್ಟು ಬಿರುಕು ಬಿಡುತ್ತದೆ. ಶೆಡ್ಡಿನ 10 ಅಡಿ ಉದ್ದಕ್ಕೆ ನೆಲವು ಸುಮಾರು 5 ಅಂಗುಲ ಇಳಿಯುತ್ತದೆ. ವಿಚಾರಿಸಿದ ಗುತ್ತಿಗೆದಾರರೊಬ್ಬರು, ಜೇಡಿಮಣ್ಣು ಭಾರ ತಡೆಯುವುದಿಲ್ಲವಾದ್ದರಿಂದ ಕಂಬಿ ಕಟ್ಟಿ 6 ಅಂಗುಲ ದಪ್ಪದ ಕಾಂಕ್ರೀಟ್ ಬೆಡ್ ಹಾಕಿಸಲೇಬೇಕು ಎಂದರು. ಅದಕ್ಕೆ ಅವರು ಹೇಳಿದ ಮೊತ್ತವು ಶೆಡ್ಡಿನ ಬೆಲೆಯನ್ನೇ ಮೀರುತ್ತದೆ. ಪರಿಚಿತರೊಬ್ಬರು ಇದಕ್ಕೆ ತೀರಾ ವಿರುದ್ಧವಾಗಿ, ನಾಲ್ಕು ಮೂಲೆಗೆ ನಾಲ್ಕು ಇಟ್ಟಿಗೆ ಇಟ್ಟು ಮೇಲೆ ಶೆಡ್ಡನ್ನು ಕೂರಿಸಿದರೆ ಮುಗಿಯಿತು ಎನ್ನುತ್ತಾರೆ.

ಹಳೆಯ ಅಂಗಳದಿಂದ ಕಿತ್ತಿಟ್ಟ, 2 ಅಡಿ ಚದರದ, 2 ಅಂಗುಲ ದಪ್ಪದ ಹನ್ನೆರಡು ಸಿಮೆಂಟ್ ಚಪ್ಪಡಿಗಳು ನನ್ನಲ್ಲಿವೆ. ಇಟ್ಟಿಗೆ ಚೂರು, ಒಡೆದ ಕಾಂಕ್ರೀಟು, ಗೋಡೆಯಿಂದ ಕೆರೆದ ಪ್ಲಾಸ್ಟರು ಸೇರಿದ ಒಂದು ರಾಶಿಯೂ ಬಿದ್ದಿದೆ. ಇವನ್ನು ಬಳಸಿಕೊಂಡು, ಹತ್ತು ಹದಿನೈದು ವರ್ಷ ಬಾಳುವಂತಹ ಅಡಿಪಾಯವನ್ನು ಕಡಿಮೆ ಖರ್ಚಿನಲ್ಲಿ ಮಾಡಿಕೊಳ್ಳುವುದು ಹೇಗೆ? ತೇವ ಮೇಲೇರದಂತೆ ಕೆಳಗೆ ಪ್ಲಾಸ್ಟಿಕ್ ಹಾಳೆ ಹಾಸುವ ಯೋಚನೆಯೂ ಇದೆ. ಅದು ಸರಿಯೇ ಎಂಬುದನ್ನೂ ದಯವಿಟ್ಟು ತಿಳಿಸಿ.

ರಸಮಟ್ಟ:

ಹಿತ್ತಿಲಮೂಲೆ ಅವರೇ, ನಿಮಗೆ ಸಲಹೆ ಕೊಟ್ಟ ಇಬ್ಬರೂ ಯೋಚಿಸಿರುವುದು ಭಾರದ ಬಗ್ಗೆ. ಒಬ್ಬರು ಅದನ್ನು ವಿಪರೀತವಾಗಿ ಎಣಿಸಿದ್ದಾರೆ, ಇನ್ನೊಬ್ಬರು ಲೆಕ್ಕಕ್ಕೇ ತೆಗೆದುಕೊಂಡಿಲ್ಲ. ಮರದ ಶೆಡ್ಡಿನ ಅಡಿಪಾಯ ಮಾಡಬೇಕಾದ ಮುಖ್ಯ ಕೆಲಸ ಭಾರ ಹೊರುವುದಲ್ಲ. ನೆಲವನ್ನು ಮಟ್ಟವಾಗಿ ಇಟ್ಟುಕೊಳ್ಳುವುದು ಮತ್ತು ಮರವನ್ನು ನೀರಿನಿಂದ ದೂರವಿಡುವುದು. ಈ ಎರಡು ಆದರೆ ಬಾಗಿಲು ಸರಾಗವಾಗಿ ಮುಚ್ಚುತ್ತದೆ, ಮರ ಕೊಳೆಯುವುದಿಲ್ಲ. ಕಾಂಕ್ರೀಟಿನ ದಪ್ಪಕ್ಕೆ ಸುರಿಯುವ ಹಣದ ಒಂದು ಭಾಗವನ್ನು ಮಟ್ಟ ಹಿಡಿಯುವುದಕ್ಕೂ ನೀರು ಹರಿಸುವುದಕ್ಕೂ ಖರ್ಚು ಮಾಡಿದರೆ ಸಾಕಾಗುತ್ತದೆ.

ಮೊದಲು ಭಾರದ ಲೆಕ್ಕವನ್ನೇ ಮಾಡಿಬಿಡೋಣ. ಈ ಅಳತೆಯ ಮರದ ಶೆಡ್ಡು ಖಾಲಿ ಇರುವಾಗ ಸುಮಾರು 400 ಕಿಲೋ ತೂಗುತ್ತದೆಂದೂ, ನೀವು ಒಳಗೆ ತುಂಬುವ ಸಾಮಾನು ಮತ್ತು ಓಡಾಡುವವರ ತೂಕ ಸೇರಿ 600 ಕಿಲೋ ಆಗುತ್ತದೆಂದೂ ಇಟ್ಟುಕೊಂಡರೆ ಒಟ್ಟು ಒಂದು ಟನ್. ಇದನ್ನು ನಾಲ್ಕು ನಾಲ್ಕರ ಮೂರು ಸಾಲಾಗಿ ಇಟ್ಟ, 16 ಅಂಗುಲ ಉದ್ದ, 8 ಅಂಗುಲ ಅಗಲದ ಹನ್ನೆರಡು ಗಟ್ಟಿ ಸಿಮೆಂಟ್ ಬ್ಲಾಕುಗಳ ಮೇಲೆ ಹಂಚಿದರೆ ಒಂದೊಂದಕ್ಕೆ ಸರಾಸರಿ 83 ಕಿಲೋ, ಅಂದರೆ ಚದರ ಮೀಟರಿಗೆ ಸುಮಾರು ಒಂದು ಟನ್ ಒತ್ತಡ ಬೀಳುತ್ತದೆ; ನಡುಸಾಲಿನ ಒಳಗಿನ ಬ್ಲಾಕುಗಳಿಗೆ ಇದರ ಎರಡರಷ್ಟು. ನೀವು ಅದೇ ಮಣ್ಣಿನ ಮೇಲೆ ಎರಡು ಕಾಲೂರಿ ನಿಂತಾಗ ನಿಮ್ಮ ಪಾದಗಳು ಒತ್ತುವ ಒತ್ತಡವೂ ಹೆಚ್ಚುಕಡಿಮೆ ಇಷ್ಟೇ. ಮೆದುವಾದ ಜೇಡಿಮಣ್ಣು ಕೂಡ ಸಾಮಾನ್ಯವಾಗಿ ಚದರ ಮೀಟರಿಗೆ 5 ಟನ್ನಿನಷ್ಟನ್ನು ತಡೆದುಕೊಳ್ಳುತ್ತದೆ. ಆದ್ದರಿಂದ ನಿಮ್ಮ ಮಣ್ಣು ಈ ಶೆಡ್ಡನ್ನು ಹೊರಲಾರದು ಎಂಬ ಮಾತಿಗೆ ಆಧಾರವಿಲ್ಲ.

ಹಾಗೆಂದು ನಾಲ್ಕು ಇಟ್ಟಿಗೆಯ ಸಲಹೆಯೂ ನಿಲ್ಲುವುದಿಲ್ಲ. ಅದೇ ಒಂದು ಟನ್ ನಾಲ್ಕು ಇಟ್ಟಿಗೆಗಳ ಮೇಲೆ ಬಿದ್ದರೆ ಒತ್ತಡ ಚದರ ಮೀಟರಿಗೆ 9 ಟನ್ ದಾಟುತ್ತದೆ. ಮೊದಲ ದೊಡ್ಡ ಮಳೆಗೆ ಇಟ್ಟಿಗೆ ಕೆಳಗಿಳಿಯುತ್ತದೆ, ಅದೂ ನಾಲ್ಕೂ ಒಂದೇ ಸಮನೆ ಇಳಿಯುವುದಿಲ್ಲ. ಇಟ್ಟಿಗೆ ಇಳಿಯದಿದ್ದರೂ 10 ಅಡಿ ಉದ್ದಕ್ಕೆ ನಡುವೆ ಆಸರೆಯೇ ಇಲ್ಲದೆ ನೆಲದ ಹಲಗೆ ಜೋಲು ಬೀಳುತ್ತದೆ.

ಜೇಡಿಮಣ್ಣಿನ ನಿಜವಾದ ತಾಪತ್ರಯ ಅದರ ಉಸಿರಾಟದಲ್ಲಿದೆ. ನೀರು ಕುಡಿದಾಗ ಅದು ಉಬ್ಬುತ್ತದೆ, ಒಣಗಿದಾಗ ಕುಗ್ಗುತ್ತದೆ. ಶೆಡ್ಡಿನ ಅಂಚಿನ ಮಣ್ಣು ಬಿಸಿಲಿಗೆ ಬೇಗ ಒಣಗಿದರೆ ನಡುವಿನ ಮಣ್ಣು ನೆರಳಿನಲ್ಲಿ ತೇವವಾಗಿಯೇ ಇರುತ್ತದೆ. ಹೀಗಾಗಿ ಒಂದೇ ಅಡಿಪಾಯದ ಅಂಚು ಮತ್ತು ನಡು ಬೇರೆ ಬೇರೆ ಪ್ರಮಾಣದಲ್ಲಿ ಏರಿಳಿಯುತ್ತವೆ. ಕಾಂಕ್ರೀಟ್ ಬೆಡ್ ಇದಕ್ಕೆ ಬಿರುಕಿನ ಮೂಲಕ ಉತ್ತರ ಕೊಡುತ್ತದೆ, ಅಥವಾ ಇಡಿಯಾಗಿ ಒಂದು ಬದಿಗೆ ವಾಲುತ್ತದೆ, ಮತ್ತು ವಾಲಿದ ಬೆಡ್ಡನ್ನು ಸುಲಭವಾಗಿ ಸರಿಪಡಿಸಲಾಗುವುದಿಲ್ಲ. ಬ್ಲಾಕಿನ ಮೇಲೆ ಕೂತ ಶೆಡ್ಡಾದರೆ, ಕುಗ್ಗಿದ ಕಡೆ ಜಾಕಿ ಕೊಟ್ಟು ಮರದ ತೊಲೆಯನ್ನು ತುಸು ಎತ್ತಿ, ಬ್ಲಾಕನ್ನು ಈಚೆಗೆ ತೆಗೆದು, ಅದರಡಿಗೆ ಎರಡು ಬೊಗಸೆ ಕಲ್ಲುಪುಡಿ ಹಾಕಿ ಮತ್ತೆ ಕೂರಿಸಬಹುದು. ನಿಮ್ಮಂತಹ ಮಣ್ಣಿಗೆ ನಾನು ಬ್ಲಾಕನ್ನೇ ಸೂಚಿಸುವುದಕ್ಕೆ ಅದು ಅಗ್ಗ ಎನ್ನುವುದಕ್ಕಿಂತ ಅದು ತಿದ್ದಲು ಬರುತ್ತದೆ ಎನ್ನುವುದೇ ದೊಡ್ಡ ಕಾರಣ.

ಈಗ ನಿಮ್ಮ ಹನ್ನೆರಡು ಚಪ್ಪಡಿಗಳ ವಿಷಯ. ಇಡೀ ನೆಲಕ್ಕೆ ಹಾಸಲು ಇಪ್ಪತ್ತು ಬೇಕಾಗುತ್ತದೆಯಾದ್ದರಿಂದ ಅವು ಸಾಲುವುದಿಲ್ಲ. ಆದರೆ ಹನ್ನೆರಡು ಬ್ಲಾಕುಗಳ ಕೆಳಗೆ ಒಂದೊಂದರಂತೆ ಇಡಲು ಸರಿಯಾಗಿ ಸಾಲುತ್ತವೆ. 10 ಅಡಿ ಉದ್ದದ ಮೂರು ತೊಲೆಗಳನ್ನು ಎರಡು ಅಂಚಿಗೆ ಒಂದೊಂದು, ನಡುವೆ ಒಂದು ಬರುವಂತೆ ಹಾಕಿ, ಪ್ರತಿ ತೊಲೆಯ ಕೆಳಗೆ ಸುಮಾರು 3 ಅಡಿ 4 ಅಂಗುಲಕ್ಕೊಂದರಂತೆ ನಾಲ್ಕು ಬ್ಲಾಕು ಇಡಿ. ಶೆಡ್ಡಿನ ನೆಲದ ಕೆಳಗೆ ಮೊದಲೇ ಹೊಡೆದಿರುವ ಪಟ್ಟಿಗಳು ಯಾವ ದಿಕ್ಕಿಗೆ ಇವೆ ಎಂದು ಕೊಳ್ಳುವಾಗಲೇ ನೋಡಿಕೊಳ್ಳಿ. ತೊಲೆಗಳು ಆ ಪಟ್ಟಿಗಳಿಗೆ ಅಡ್ಡಲಾಗಿ ಬರಬೇಕು. ಪಟ್ಟಿಗಳೂ 10 ಅಡಿಯ ದಿಕ್ಕಿಗೇ ಇದ್ದರೆ ತೊಲೆಗಳನ್ನು 8 ಅಡಿಯ ದಿಕ್ಕಿಗೆ ತಿರುಗಿಸಬೇಕಾಗುತ್ತದೆ.

ಗುರುತು ಹಾಕುವಾಗ ದಾರ ಕಟ್ಟಿ ಎರಡು ಕರ್ಣಗಳನ್ನೂ ಅಳೆಯಿರಿ. 8ಕ್ಕೆ 10 ಅಡಿಯ ಸರಿಯಾದ ಆಯತಕ್ಕೆ ಕರ್ಣವು 12 ಅಡಿ ಒಂಬತ್ತೂಮುಕ್ಕಾಲು ಅಂಗುಲದ ಹತ್ತಿರ ಬರುತ್ತದೆ. ಎರಡೂ ಕರ್ಣಗಳು ಸಮನಾಗುವ ತನಕ ಗೂಟ ಸರಿಸಿ. ಪ್ರತಿ ಬ್ಲಾಕಿನ ಜಾಗದಲ್ಲಿ ಹುಲ್ಲು, ಬೇರು, ಮೇಲಿನ ಕಪ್ಪು ಮೆದು ಮಣ್ಣು ಎಲ್ಲವನ್ನೂ ತೆಗೆದು ಸುಮಾರು 6 ಅಂಗುಲ ಆಳದ ಗುಂಡಿ ಮಾಡಿ, ತಳದ ಮಣ್ಣಿಗೆ ದಮ್ಮಸು ಹೊಡೆದು, 20 ಮಿ.ಮೀ. ಜಲ್ಲಿಯನ್ನು ಎರಡು ಪದರಗಳಲ್ಲಿ ತುಂಬಿ ಪ್ರತಿ ಪದರವನ್ನೂ ಬೇರೆಯಾಗಿ ಗಟ್ಟಿಮಾಡಿ. ಒಂದೇ ಸಲ ತುಂಬಿ ಮೇಲಿಂದ ಹೊಡೆದರೆ ಮೇಲ್ಭಾಗವಷ್ಟೇ ಬಿಗಿಯಾಗುತ್ತದೆ. ಅದರ ಮೇಲೆ ತೆಳುವಾಗಿ ಕಲ್ಲುಪುಡಿ ಹರವಿ ಚಪ್ಪಡಿ ಕೂರಿಸಿ. ಈ ಚಪ್ಪಡಿ ಒಂದೊಂದೂ 45 ಕಿಲೋದಷ್ಟು ಇರುವುದರಿಂದ ಇಬ್ಬರು ಬೇಕು.

ಇಳಿಜಾರನ್ನು ಮಣ್ಣು ತುಂಬಿ ಸರಿಮಾಡಲು ಹೋಗಬೇಡಿ. ತುಂಬಿದ ಮಣ್ಣು ವರ್ಷಗಟ್ಟಲೆ ಕೂರುತ್ತಲೇ ಇರುತ್ತದೆ. ಬ್ಲಾಕುಗಳು 4, 6 ಮತ್ತು 8 ಅಂಗುಲ ದಪ್ಪದಲ್ಲಿ ಸಿಗುವುದರಿಂದ, ಇಳಿಜಾರಿಗೆ ಅಡ್ಡಲಾಗಿ ಬರುವ ನಾಲ್ಕು ಸಾಲುಗಳಲ್ಲಿ ಎತ್ತರದ ಬದಿಯದಕ್ಕೆ 4, ಮುಂದಿನದಕ್ಕೆ 6, ಕೊನೆಯ ಎರಡು ಸಾಲುಗಳಿಗೆ 8 ಅಂಗುಲದ್ದನ್ನು ಬಳಸಿ; ಉಳಿಯುವ ಅರ್ಧ, ಒಂದು ಅಂಗುಲದ ವ್ಯತ್ಯಾಸವನ್ನು ಚಪ್ಪಡಿಯನ್ನು ತುಸು ಆಳಕ್ಕೆ ಅಥವಾ ತುಸು ಮೇಲಕ್ಕೆ ಕೂರಿಸಿ ಹೊಂದಿಸಿ. ಮಟ್ಟ ನೋಡಲು ನೀರಿನ ಟ್ಯೂಬು ಎಲ್ಲಕ್ಕಿಂತ ಅಗ್ಗ ಮತ್ತು ಈ ದೂರಕ್ಕೆ ಗಿಡ್ಡ ರಸಮಟ್ಟಕ್ಕಿಂತ ನಂಬಿಕೆಯದು, ಆದರೆ ಟ್ಯೂಬಿನೊಳಗೆ ಒಂದು ಗಾಳಿಗುಳ್ಳೆ ಸಿಕ್ಕಿಕೊಂಡಿದ್ದರೂ ಮಟ್ಟ ತಪ್ಪುತ್ತದೆ. ಆದ್ದರಿಂದ ಎರಡೂ ತುದಿಗಳನ್ನು ಪಕ್ಕಪಕ್ಕ ಹಿಡಿದು ನೀರು ಒಂದೇ ಎತ್ತರದಲ್ಲಿ ನಿಲ್ಲುತ್ತದೆಯೇ ಎಂದು ಮೊದಲು ಖಚಿತಪಡಿಸಿಕೊಳ್ಳಿ. ಬ್ಲಾಕಿನ ಮೇಲೆ ಹೆಂಚಿನ ಚೂರು, ಮರದ ತುಂಡು ಸಿಕ್ಕಿಸಿ ಮಟ್ಟ ಮಾಡುವ ಅಭ್ಯಾಸ ಸಾಕಷ್ಟಿದೆ. ಆ ಚೂರು ಒಡೆದಾಗ ಅಥವಾ ಜರುಗಿದಾಗ ಮಟ್ಟವೂ ಹೋಗುತ್ತದೆ; ಹೊಂದಾಣಿಕೆ ಏನಿದ್ದರೂ ಬ್ಲಾಕಿನ ಕೆಳಗೆ ಆಗಲಿ. ಟೊಳ್ಳು ಬ್ಲಾಕು ಮಾತ್ರ ಸಿಕ್ಕಿದರೆ ಅದರ ರಂಧ್ರಗಳು ಮೇಲೆ ಕೆಳಗೆ ಮುಖಮಾಡಿರಬೇಕು, ಅಡ್ಡಕ್ಕೆ ಮಲಗಿಸಿದರೆ ಅದರ ಬಲ ಬಹಳ ಕಡಿಮೆಯಾಗುತ್ತದೆ.

ತೊಲೆಗೆ ಕೊಳೆ ಮತ್ತು ಗೆದ್ದಲು ಹಿಡಿಯದಂತೆ ಒತ್ತಡದಲ್ಲಿ ಔಷಧ ತುಂಬಿಸಿದ ಮರವನ್ನೇ ತೆಗೆದುಕೊಳ್ಳಿ; ಉಳಿತಾಯ ಮಾಡಬಾರದ ಒಂದು ಜಾಗವಿದ್ದರೆ ಇದೇ. ಬ್ಲಾಕಿಗೂ ತೊಲೆಗೂ ನಡುವೆ ಟಾರು ಹಾಳೆಯ ತುಂಡೊಂದನ್ನು ಇಡಿ. ಸಿಮೆಂಟು ಕೆಳಗಿನ ತೇವವನ್ನು ಹೀರಿ ಮೇಲಕ್ಕೆ ಒಯ್ಯುವುದರಿಂದ, ಈ ತುಂಡು ಇಲ್ಲದಿದ್ದರೆ ತೊಲೆಯು ಮೊದಲು ಕೊಳೆಯುವುದು ಬ್ಲಾಕಿಗೆ ತಾಗಿದ ಜಾಗದಲ್ಲಿಯೇ.

ಜಲ್ಲಿಪುಡಿ:

ರಸಮಟ್ಟ ಅವರ ಲೆಕ್ಕವನ್ನು ನಾನು ಒಪ್ಪುತ್ತೇನೆ. ಅದಕ್ಕೆ ನೀರಿನ ಬಗ್ಗೆ ಕೆಲವು ಮಾತು ಸೇರಿಸಬೇಕಿದೆ. ಅಂಚಿನ ಚಪ್ಪಡಿಗಳ ನಡುವಿಗೆ ಬ್ಲಾಕು ಬರುವಂತೆ ಇಟ್ಟರೆ ಚಪ್ಪಡಿಯ ಅರ್ಧ ಅಡಿಗೂ ಹೆಚ್ಚು ಭಾಗ ಶೆಡ್ಡಿನಿಂದ ಹೊರಗೆ ಚಾಚಿಕೊಂಡಿರುತ್ತದೆ. ಮಾಡಿನಿಂದ ಬೀಳುವ ನೀರು ಆ ಗಟ್ಟಿ ಮೇಲ್ಮೈಗೆ ಬಡಿದು ನೇರವಾಗಿ ಕೆಳಗಿನ ಹಲಗೆಗೆ ಸಿಡಿಯುತ್ತದೆ. ಶೆಡ್ಡುಗಳ ಗೋಡೆ ಮೊದಲು ಕೊಳೆಯುವುದು ಬುಡದ ಆ ಒಂದು ಗೇಣಿನಲ್ಲಿಯೇ. ಚಪ್ಪಡಿಯನ್ನು ಒಳಕ್ಕೆ ತಳ್ಳಿದರೆ ಭಾರ ಅದರ ಅಂಚಿಗೆ ಬಿದ್ದು ಅದು ವಾಲುತ್ತದೆ. ಆದ್ದರಿಂದ ಚಪ್ಪಡಿ ಇದ್ದಲ್ಲಿಯೇ ಇರಲಿ, ಹೊರಚಾಚಿದ ಭಾಗದ ಮೇಲೆಯೂ ಸುತ್ತಲ ಒಂದು ಅಡಿಯ ಪಟ್ಟಿಯಲ್ಲಿಯೂ ಜಲ್ಲಿ ಹರವಿಬಿಡಿ. ಜಲ್ಲಿಯ ಮೇಲೆ ಬಿದ್ದ ಹನಿ ಸಂದುಗಳಲ್ಲಿ ಚದುರಿ ಇಳಿದುಹೋಗುತ್ತದೆ.

ಮಾಡಿನ ನೀರು ಎಂದರೆ ಎಷ್ಟು ಎಂಬುದನ್ನು ಹಲವರು ಊಹಿಸುವುದಿಲ್ಲ. 80 ಚದರ ಅಡಿಯ ಮಾಡಿನ ಮೇಲೆ 25 ಮಿ.ಮೀ. ಮಳೆ ಬಿದ್ದರೆ ಸುಮಾರು 185 ಲೀಟರ್ ನೀರು ಅಂಚಿನಿಂದ ಇಳಿಯುತ್ತದೆ. ಅಷ್ಟೂ ನೀರು ಅಡಿಪಾಯದ ಬುಡಕ್ಕೇ ಸುರಿದರೆ ಜೇಡಿಮಣ್ಣು ಅಲ್ಲಿ ಮಾತ್ರ ಉಬ್ಬುತ್ತದೆ. ಮಾಡಿನಂಚಿಗೆ ಒಂದು ದೋಣಿ ಕಟ್ಟಿ ನೀರನ್ನು ಡ್ರಮ್ಮಿಗೆ ಬಿಟ್ಟರೆ ಗಿಡಕ್ಕೂ ಆಯಿತು, ಅಡಿಪಾಯಕ್ಕೂ ಆಯಿತು. ಇದಲ್ಲದೆ ಎತ್ತರದ ಬದಿಯಿಂದ ನೆಲದ ಮೇಲೆ ಹರಿದು ಬರುವ ನೀರನ್ನು ತಡೆಯಲು, ಶೆಡ್ಡಿನಿಂದ ಎರಡು ಅಡಿ ದೂರದಲ್ಲಿ ಒಂದು ಅಡಿ ಅಗಲ, ಒಂದು ಅಡಿ ಆಳದ ಕಾಲುವೆ ತೋಡಿ ಜಲ್ಲಿ ತುಂಬಿ, ಅದರ ತುದಿಯನ್ನು ಇಳಿಜಾರಿನ ಕಡೆಗೆ ತಿರುಗಿಸಿ. ಇದಕ್ಕೆ ಹಣಕ್ಕಿಂತ ಬೆನ್ನು ಹೆಚ್ಚು ಖರ್ಚಾಗುತ್ತದೆ.

ಪ್ಲಾಸ್ಟಿಕ್ ಹಾಳೆಯನ್ನು ಜಲ್ಲಿಯ ಕೆಳಗಾಗಲಿ ಬ್ಲಾಕುಗಳ ನಡುವಿನ ನೆಲಕ್ಕಾಗಲಿ ಹಾಸಬೇಡಿ. ಕೆಳಗಿನ ತೇವ ತಡೆಯುವ ಉದ್ದೇಶ ಒಳ್ಳೆಯದೇ, ಆದರೆ ಮೇಲಿನಿಂದ ಬಂದ ನೀರೂ ಅದರ ಮೇಲೆಯೇ ನಿಂತು, ಶೆಡ್ಡಿನ ಕೆಳಗೆ ಕಣ್ಣಿಗೆ ಕಾಣದ ಒಂದು ಹೊಂಡ ಸಿದ್ಧವಾಗುತ್ತದೆ. ನಿಮಗೆ ಬೇಕಾದದ್ದು ನೀರನ್ನು ಇಳಿಯಬಿಡುವ, ಆದರೆ ಮಣ್ಣು ಮತ್ತು ಜಲ್ಲಿ ಬೆರೆಯದಂತೆ ತಡೆಯುವ ಜಿಯೋಟೆಕ್ಸ್‌ಟೈಲ್ ಬಟ್ಟೆ. ಜೇಡಿಮಣ್ಣಿನಲ್ಲಿ ಇದಿಲ್ಲದಿದ್ದರೆ ಜಲ್ಲಿಯ ಸಂದುಗಳಿಗೆ ಕೆಸರು ಏರುತ್ತಾ ಹೋಗಿ, ಕೆಲವು ಮಳೆಗಾಲಗಳಾದ ಮೇಲೆ ಜಲ್ಲಿ ಹಾಕಿದ್ದು ಎಲ್ಲಿ ಎಂದು ಹುಡುಕುವ ಸ್ಥಿತಿ ಬರುತ್ತದೆ.

ನೆಲ ಇದಕ್ಕಿಂತ ಸಮತಟ್ಟಾಗಿದ್ದಿದ್ದರೆ ನಾನು ಬ್ಲಾಕಿನ ಬದಲು ಪೂರ್ತಿ ಜಲ್ಲಿಯ ಹಾಸನ್ನೇ ಹೇಳುತ್ತಿದ್ದೆ. ಶೆಡ್ಡಿಗಿಂತ ಸುತ್ತ ಒಂದೊಂದು ಅಡಿ ಹೆಚ್ಚಾಗಿ, ಅಂದರೆ 12ಕ್ಕೆ 10 ಅಡಿ, 4 ಅಂಗುಲ ದಪ್ಪದ ಹಾಸಿಗೆ 40 ಘನ ಅಡಿ ಜಲ್ಲಿ ಬೇಕು. ಅದುಮಿದಾಗ ಕುಗ್ಗುವುದರಿಂದ ಐದನೇ ಒಂದರಷ್ಟು ಹೆಚ್ಚಿಗೆ ತರಿಸಬೇಕು. ಜಲ್ಲಿ ಕ್ರಷರಿನ ಮೂಲೆಯುಳ್ಳದ್ದಾಗಿರಬೇಕು, ಏಕೆಂದರೆ ಮೂಲೆಗಳು ಒಂದಕ್ಕೊಂದು ಕಚ್ಚಿಕೊಂಡು ನಿಲ್ಲುತ್ತವೆ. ಹೊಳೆಯ ದುಂಡು ಕಲ್ಲು ಎಷ್ಟು ಅದುಮಿದರೂ ಉರುಳುತ್ತಲೇ ಇರುತ್ತದೆ. ಆದರೆ 5 ಅಂಗುಲ ಇಳಿಜಾರಿನಲ್ಲಿ ತಗ್ಗಿನ ಬದಿಗೆ ಜಲ್ಲಿಯನ್ನು ಹಿಡಿದು ನಿಲ್ಲಿಸುವ ಗಟ್ಟಿ ಅಂಚು ಕಟ್ಟಬೇಕಾಗುತ್ತದೆ, ಅಲ್ಲಿಗೆ ಖರ್ಚಿನ ಅನುಕೂಲ ಕರಗುತ್ತದೆ.

ಗಾರೆಕೈ:

ಕಾಂಕ್ರೀಟ್ ಬೆಡ್ಡನ್ನು ಇಲ್ಲಿ ಎಲ್ಲರೂ ಪಕ್ಕಕ್ಕೆ ಸರಿಸಿರುವುದರಿಂದ ಅದರ ಪರವಾಗಿಯೂ ಒಬ್ಬರು ಮಾತಾಡಬೇಕಲ್ಲವೇ? ಶೆಡ್ಡಿಗೆ ಸ್ವಂತ ನೆಲವೇ ಇಲ್ಲದಿದ್ದರೆ (ತಗಡಿನ ಶೆಡ್ಡುಗಳು ಹೆಚ್ಚಾಗಿ ಹಾಗೆಯೇ ಬರುತ್ತವೆ), ಒಳಗೆ ಬೈಕು ನಿಲ್ಲಿಸುವುದಿದ್ದರೆ, ಅಥವಾ ಅಲುಗಾಡುವ ಭಾರೀ ಯಂತ್ರವನ್ನು ಬೋಲ್ಟು ಹಾಕಿ ಕೂರಿಸುವುದಿದ್ದರೆ ಬೆಡ್ಡೇ ಸರಿ. ಹಿತ್ತಿಲಮೂಲೆಯವರ ಅಗತ್ಯ ಈ ಯಾವುದೂ ಅಲ್ಲವಾದ್ದರಿಂದ ರಸಮಟ್ಟ ಅವರ ಸಲಹೆಗೆ ನನ್ನ ವಿರೋಧವಿಲ್ಲ, ಆದರೆ ಈ ಪ್ರಶ್ನೆಯನ್ನು ಹುಡುಕಿಕೊಂಡು ಬರುವ ಬೇರೆಯವರಿಗೆ ಉಪಯೋಗವಾಗಲೆಂದು ಬರೆಯುತ್ತಿದ್ದೇನೆ.

ಬೆಡ್ ಹಾಕುವುದಾದರೂ 6 ಅಂಗುಲ ಬೇಕಿಲ್ಲ. ಅದು ಕಾರು ಓಡಾಡುವ ಜಾಗಕ್ಕೆ ಸಲ್ಲುವ ದಪ್ಪ. ಚೆನ್ನಾಗಿ ಅದುಮಿದ 4 ಅಂಗುಲ ಜಲ್ಲಿಯ ಮೇಲೆ 4 ಅಂಗುಲ ಕಾಂಕ್ರೀಟು ಈ ಅಳತೆಗೆ ಸಾಕು. ಅದಕ್ಕೆ ಬೇಕಾಗುವುದು ಮುಕ್ಕಾಲು ಘನ ಮೀಟರ್ ಕಾಂಕ್ರೀಟು: 1:2:4 (ಸಿಮೆಂಟು, ಮರಳು, ಜಲ್ಲಿ) ಪಾಕದಲ್ಲಿ ಸುಮಾರು 240 ಕಿಲೋ ಸಿಮೆಂಟು, 12 ಘನ ಅಡಿ ಮರಳು, 24 ಘನ ಅಡಿ ಜಲ್ಲಿ. ಗಟ್ಟಿಯಾದ ಮೇಲೆ ಇದರ ತೂಕ 1.8 ಟನ್, ಅಂದರೆ ತುಂಬಿದ ಶೆಡ್ಡಿಗಿಂತ ಅದರ ಬೆಡ್ಡೇ ಭಾರ. ಕೈಯಲ್ಲಿ ಕಲಸುವವರು ಈ ಒಂದು ಅಂಕಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಆಳುಗಳನ್ನು ಕರೆಯಲಿ.

ಪ್ಲಾಸ್ಟಿಕ್ ಹಾಳೆಗೆ ಸರಿಯಾದ ಜಾಗ ಇದು. ಜಲ್ಲಿಯ ಮೇಲೆ ತೆಳುವಾಗಿ ಮರಳು ಹರವಿ, ಹಾಳೆ ಹಾಸಿ, ಅದರ ಮೇಲೆ ಕಾಂಕ್ರೀಟು ಸುರಿದರೆ ನೆಲದ ತೇವ ಬೆಡ್ಡಿನೊಳಗೆ ಏರುವುದಿಲ್ಲ. ಕಂಬಿ ಅಥವಾ ಜಾಲರಿ ಹಾಕಿದರೆ ಅದು ಕಾಂಕ್ರೀಟಿನೊಳಗೆ ಕೂರುವಂತೆ ಕವರ್ ಬ್ಲಾಕುಗಳ (ಸಿಮೆಂಟಿನ ಚಿಕ್ಕ ತುಂಡುಗಳ) ಮೇಲೆ ಎತ್ತಿಡಬೇಕು. ಹಾಳೆಯ ಮೇಲೆಯೇ ಬಿದ್ದಿರುವ ಜಾಲರಿ ಇದ್ದೂ ಇಲ್ಲದಂತೆ. ಬೆಡ್ಡಿನ ಅಳತೆಯ ವಿಷಯದಲ್ಲಿ ಜನ ದೊಡ್ಡದಿರಲಿ ಎಂದು ಬಯಸುತ್ತಾರೆ. ಆದರೆ ಶೆಡ್ಡಿನ ಗೋಡೆಯಿಂದ ಹೊರಗೆ ಉಳಿದ ಕಾಂಕ್ರೀಟಿನ ಅಂಚಿನ ಮೇಲೆ ಮಳೆ ನೀರು ನಿಂತು ಗೋಡೆಯಡಿಯಿಂದ ಒಳಕ್ಕೆ ಜಿನುಗುತ್ತದೆ. ಬೆಡ್ಡು ಶೆಡ್ಡಿನ ಹೊರ ಅಳತೆಗೆ ಸರಿಯಾಗಿರಬೇಕು, ಗೋಡೆಯ ಹಲಗೆ ಬೆಡ್ಡಿನ ಅಂಚನ್ನು ದಾಟಿ ಅರ್ಧ ಅಂಗುಲ ಕೆಳಗಿಳಿದರೆ ಇನ್ನೂ ಒಳ್ಳೆಯದು.

ಕಲಸುವಾಗ ನೀರನ್ನು ಕೈಬಿಗಿಯಾಗಿ ಬಳಸಿ. 50 ಕಿಲೋ ಸಿಮೆಂಟಿಗೆ 25 ರಿಂದ 28 ಲೀಟರ್ ಸಾಕು. ಸಲೀಸಾಗಿ ಹರಡಲಿ ಎಂದು ನೀರು ಸುರಿದರೆ ಬಲ ಕುಂದುತ್ತದೆ, ಒಣಗುವಾಗ ಬಿರುಕೂ ಹೆಚ್ಚು. ಹಾಕಿದ ಮಾರನೆಯ ದಿನದಿಂದ ಕನಿಷ್ಠ 7 ದಿನ ಗೋಣಿಚೀಲ ಹೊದಿಸಿ ನೀರುಣಿಸಬೇಕು. ಸಾಧಾರಣವಾಗಿ ಕಾಂಕ್ರೀಟು 28 ದಿನಗಳಿಗೆ ಪಡೆಯುವ ಬಲದ ಮೂರನೇ ಎರಡು ಭಾಗದಷ್ಟನ್ನು ಈ ಮೊದಲ ವಾರದಲ್ಲಿಯೇ ಗಳಿಸುತ್ತದೆ, ಒಣಗಲು ಬಿಟ್ಟರೆ ಆ ಗಳಿಕೆ ನಿಂತುಹೋಗುತ್ತದೆ.

ಕೊನೆಯದಾಗಿ ನಿಮ್ಮ ಅವಶೇಷಗಳ ರಾಶಿ. ಇಟ್ಟಿಗೆ ಚೂರನ್ನೂ ಒಡೆದ ಕಾಂಕ್ರೀಟನ್ನೂ ಮುಷ್ಟಿಗಿಂತ ಚಿಕ್ಕದಾಗಿ ಒಡೆದು ಬಾಗಿಲ ಮುಂದಿನ ದಾರಿಯ ಕೆಳಗೆ ತುಂಬಬಹುದು. ಗೋಡೆಯಿಂದ ಕೆರೆದ ಪ್ಲಾಸ್ಟರಿನಲ್ಲಿ ಜಿಪ್ಸಮ್ ಇರುವ ಸಾಧ್ಯತೆಯಿದ್ದರೆ ಅದನ್ನು ಬೇರೆ ಮಾಡಿ. ಜಿಪ್ಸಮ್ಮಿನ ಸಲ್ಫೇಟು ತೇವದಲ್ಲಿ ಕರಗಿ ಸಿಮೆಂಟಿನೊಂದಿಗೆ ವರ್ತಿಸಿದರೆ ಕಾಂಕ್ರೀಟು ಒಳಗಿನಿಂದ ಉಬ್ಬಿ ಒಡೆಯುತ್ತದೆ. ಮರದ ಚೂರುಗಳಂತೂ ಬೇಡವೇ ಬೇಡ, ಅವು ಕೊಳೆತ ಕಡೆ ಟೊಳ್ಳು ಬೀಳುತ್ತದೆ ಮತ್ತು ಗೆದ್ದಲಿಗೆ ಅದೇ ಆಹ್ವಾನವಾಗುತ್ತದೆ.

ಹಿತ್ತಿಲಮೂಲೆ:

ಮೂವರಿಗೂ ಧನ್ಯವಾದಗಳು. ಚಪ್ಪಡಿಯ ಮೇಲೆ ಬ್ಲಾಕು, ಸುತ್ತಲೂ ಜಲ್ಲಿ, ಎತ್ತರದ ಬದಿಗೆ ಕಾಲುವೆ ಎಂದು ತೀರ್ಮಾನಿಸಿದ್ದೇನೆ. ಶೆಡ್ಡಿನ ನೆಲದ ಪಟ್ಟಿಗಳು 8 ಅಡಿಯ ದಿಕ್ಕಿಗೆ ಇವೆಯೆಂದು ಮಾರುವವರಿಂದ ತಿಳಿದುಕೊಂಡೆ, ಹಾಗಾಗಿ ತೊಲೆಗಳು 10 ಅಡಿಯ ಉದ್ದಕ್ಕೇ ಬರುತ್ತವೆ. ಎರಡು ಸಂದೇಹಗಳು ಉಳಿದಿವೆ. ಹೀಗೆ ಬರೀ ಬ್ಲಾಕಿನ ಮೇಲೆ ಇಟ್ಟ ಶೆಡ್ಡು ಜೋರು ಗಾಳಿಗೆ ಅಲುಗಾಡುವುದಿಲ್ಲವೇ? ಇನ್ನು ನೆಲದ ಕೆಳಗೆ 4 ರಿಂದ 9 ಅಂಗುಲ ಖಾಲಿ ಜಾಗ ಉಳಿಯುವುದರಿಂದ ಇಲಿ, ಹೆಗ್ಗಣಗಳು ಅಲ್ಲಿ ಸೇರಿಕೊಳ್ಳುತ್ತವೆ ಎಂದು ಮನೆಯಲ್ಲಿ ಆತಂಕಪಡುತ್ತಿದ್ದಾರೆ. ಸುತ್ತಲೂ ಇಟ್ಟಿಗೆ ಕಟ್ಟಿ ಮುಚ್ಚಿಬಿಡಲೇ?

ಗಾಳಿದಿಕ್ಕು:

ಗಾಳಿಯ ಪ್ರಶ್ನೆ ಬರಲೆಂದೇ ಕಾಯುತ್ತಿದ್ದೆ. ಇಲ್ಲಿಯವರೆಗಿನ ಲೆಕ್ಕವೆಲ್ಲ ಕೆಳಮುಖದ ಭಾರದ್ದು, ಮೇಲ್ಮುಖದ ಸೆಳೆತದ ಮಾತೇ ಬಂದಿರಲಿಲ್ಲ. ಗಾಳಿಯ ಒತ್ತಡ ಅದರ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ: ಸೆಕೆಂಡಿಗೆ 30 ಮೀಟರ್, ಅಂದರೆ ಗಂಟೆಗೆ 108 ಕಿ.ಮೀ. ವೇಗದ ಗಾಳಿಯು ಚದರ ಮೀಟರಿಗೆ ಸುಮಾರು 55 ಕಿಲೋ ಬಲದಷ್ಟು ಒತ್ತುತ್ತದೆ. ಮಾಡಿನ ಮೇಲೆ ಹಾಯುವಾಗ ಹೆಚ್ಚುಕಡಿಮೆ ಅಷ್ಟೇ ಬಲದಲ್ಲಿ ಅದು ಮಾಡನ್ನು ಮೇಲಕ್ಕೆ ಸೆಳೆಯುತ್ತದೆಂದು ಹಿಡಿದರೆ, ನಿಮ್ಮ ಏಳೂವರೆ ಚದರ ಮೀಟರ್ ಮಾಡಿಗೆ 400 ಕಿಲೋ ಆಯಿತು. ಖಾಲಿ ಶೆಡ್ಡಿನ ತೂಕವೂ ಅಷ್ಟೇ ಎಂದು ರಸಮಟ್ಟ ಅವರು ಮೇಲೆ ಹೇಳಿದ್ದಾರೆ. ಜೊತೆಗೆ ಪಕ್ಕದಿಂದಲೂ ಗಾಳಿ ತಳ್ಳುತ್ತಿರುತ್ತದೆ. ಗಾಳಿಗೆ ತೆರೆದುಕೊಂಡ ಜಾಗವಾದರೆ ಶೆಡ್ಡನ್ನು ನೆಲಕ್ಕೆ ಹಿಡಿಸಲೇಬೇಕು.

ಅದು ಕಷ್ಟದ ಕೆಲಸವಲ್ಲ. ನಾಲ್ಕು ಮೂಲೆಗಳ ಪಕ್ಕ, ತೊಲೆಗೆ ಹೊಂದಿಕೊಂಡಂತೆ, ಒಂದು ಅಡಿ ಚದರ ಮತ್ತು ಎರಡು ಅಡಿ ಆಳದ ಗುಂಡಿ ತೋಡಿ, ಸತುವು ಲೇಪಿಸಿದ ದಪ್ಪ ಕಬ್ಬಿಣದ ಪಟ್ಟಿಯೊಂದನ್ನು ಕೆಳತುದಿ ಬಾಗಿಸಿ ನಿಲ್ಲಿಸಿ ಕಾಂಕ್ರೀಟು ತುಂಬಿ. ಒಂದೊಂದು ಗುಂಡಿಯ ಕಾಂಕ್ರೀಟು 130 ಕಿಲೋಗೂ ಹೆಚ್ಚು ತೂಗುವುದರಿಂದ ನಾಲ್ಕೂ ಸೇರಿ 500 ಕಿಲೋ ದಾಟುತ್ತದೆ. ಪಟ್ಟಿಯ ಮೇಲ್ತುದಿಯನ್ನು ತೊಲೆಗೆ ಬೋಲ್ಟು ಹಾಕಿ ಬಿಗಿಯಿರಿ, ಮೊಳೆ ಬೇಡ. ಮುಂದೆ ಮಟ್ಟ ತಿದ್ದಬೇಕಾದಾಗ ಬೋಲ್ಟನ್ನು ಸಡಿಲಿಸಬಹುದು. ಪಟ್ಟಿಯ ರಂಧ್ರವನ್ನು ಉದ್ದನೆಯ ಸೀಳಾಗಿ ಕೊರೆಸಿದ್ದರೆ ಅದಕ್ಕೆ ಇನ್ನೂ ಅನುಕೂಲ. ತೊಲೆಯನ್ನು ಹಿಡಿಸಿ, ಶೆಡ್ಡಿನ ನೆಲವನ್ನು ತೊಲೆಗೆ ಹಿಡಿಸದೆ ಬಿಟ್ಟರೆ ಈ ಶ್ರಮವೆಲ್ಲ ವ್ಯರ್ಥ. ನೆಲದ ಪಟ್ಟಿಗಳನ್ನು ಪ್ರತಿ ತೊಲೆಗೂ, ಗೋಡೆಗಳನ್ನು ನೆಲಕ್ಕೂ ಸ್ಕ್ರೂ ಹಾಕಿ ಒಂದೇ ಘಟಕವಾಗಿಸಿ. ಗುಂಡಿ ತೋಡುವ ಮುನ್ನ ಅಲ್ಲಿ ನೀರಿನ ಕೊಳವೆ, ವಿದ್ಯುತ್ ತಂತಿ ಹಾದುಹೋಗಿಲ್ಲ ಎಂದು ನೋಡಿಕೊಳ್ಳಿ.

ಕೆಳಗಿನ ಜಾಗವನ್ನು ಇಟ್ಟಿಗೆಯಿಂದ ಮುಚ್ಚಬೇಡಿ. ಆ ಖಾಲಿ ಜಾಗದಲ್ಲಿ ಗಾಳಿಯಾಡುವುದರಿಂದಲೇ ನೆಲದ ಹಲಗೆ ಒಣಗಿರುತ್ತದೆ, ಮತ್ತು ಬ್ಲಾಕಿನ ಮೇಲೆ ಗೆದ್ದಲು ಮಣ್ಣಿನ ಸಾಲು ಕಟ್ಟಿದರೆ ಅದು ನಿಮ್ಮ ಕಣ್ಣಿಗೆ ಬೀಳುವುದೂ ಅದು ತೆರೆದಿದ್ದರೆ ಮಾತ್ರ. ಇಲಿ ಹೆಗ್ಗಣಗಳಿಗೆ ಸತುವು ಲೇಪಿಸಿದ ತಂತಿ ಜಾಲರಿ ಸಾಕು. ಕಣ್ಣುಗಳು ಅರ್ಧ ಅಂಗುಲದವಾದರೆ ಹೆಗ್ಗಣ ನುಸುಳದು, ಸುಂಡಿಲಿಯನ್ನೂ ತಡೆಯಬೇಕಿದ್ದರೆ ಕಾಲು ಅಂಗುಲದ್ದು ಬೇಕು. ಜಾಲರಿಯ ಮೇಲಂಚನ್ನು ನೆಲದ ಚೌಕಟ್ಟಿಗೆ ಹೊಡೆದು, ಕೆಳಗಿನ ಮುಕ್ಕಾಲು ಅಡಿಯನ್ನು ಹೊರಮುಖವಾಗಿ ಮಡಚಿ ಜಲ್ಲಿಯ ಕೆಳಗೆ ಮಲಗಿಸಿ. ಬಿಲ ತೋಡುವ ಪ್ರಾಣಿ ಗೋಡೆಯ ಬುಡದಲ್ಲಿಯೇ ಕೆರೆಯಲು ಶುರುಮಾಡುತ್ತದೆ, ಅಲ್ಲಿ ಪ್ರತಿ ಸಲವೂ ತಂತಿಯೇ ಸಿಗುವುದರಿಂದ ಬಿಟ್ಟುಹೋಗುತ್ತದೆ. ತಗ್ಗಿನ ಬದಿಯಲ್ಲಿ ಒಂದು ಅಗಲದಷ್ಟು ಜಾಲರಿಯನ್ನು ಮಾತ್ರ ಸ್ಕ್ರೂ ಮತ್ತು ವಾಷರಿನಿಂದ ಹಿಡಿಸಿ. ಬ್ಲಾಕಿನ ಮಟ್ಟ ನೋಡಲೋ ಬಿದ್ದ ಎಲೆ ಗುಡಿಸಲೋ ಅದನ್ನು ಬಿಚ್ಚಿ ಮತ್ತೆ ಹಾಕಬಹುದು.